ಅನ್‌ನೋನ್ ಯುನಿಕಾಸ್ಟ್, ಮಲ್ಟಿಕಾಸ್ಟ್ ಅನ್ನು ಸ್ವಿಚ್ ಪೋರ್ಟ್‌ನಲ್ಲಿ ತಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಅನ್‌ನೋನ್ ಯುನಿಕಾಸ್ಟ್ ಅಂದರೆ ಏನು? ಯಾರಿಗೆ ಅದು ಅನ್‌ನೋನ್?

ಸ್ವಿಚ್‌ಗೆ. ಯುನಿಕಾಸ್ಟ್ ಅಂದರೆ ಒಬ್ಬನಿಗೇ ಕಳಿಸಿದ ಫ್ರೇಮ್ (ತಂತಿಯ ಮೇಲೆ ಓಡುವ ಡೇಟಾದ ಒಂದು ತುಂಡು). ಮಲ್ಟಿಕಾಸ್ಟ್ ಒಂದು ಗುಂಪಿಗೆ, ಬ್ರಾಡ್‌ಕಾಸ್ಟ್ ಎಲ್ಲರಿಗೂ. ಕಳಿಸುವವನಿಗೆ ಯಾರಿಗೆ ಕಳಿಸುತ್ತಿದ್ದೇನೆಂದು ಚೆನ್ನಾಗಿಯೇ ಗೊತ್ತಿರುತ್ತದೆ. ಫ್ರೇಮ್‌ನ ಮೇಲೆ ತಲುಪಬೇಕಾದವನ ಮ್ಯಾಕ್ ವಿಳಾಸವೂ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಇರುತ್ತದೆ. ಆ ವಿಳಾಸ ಯಾವ ಪೋರ್ಟ್‌ನ ಹಿಂದಿದೆ ಎಂಬ ಸಾಲು ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ ಇರುವುದಿಲ್ಲ, ಅಷ್ಟೆ. ಆಗ ಸ್ವಿಚ್ ಆ ಫ್ರೇಮ್ ಬಂದ ಪೋರ್ಟ್ ಒಂದನ್ನು ಬಿಟ್ಟು, ಅದೇ ವಿಲ್ಯಾನ್‌ನ (ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಉಳಿದ ಎಲ್ಲ ಪೋರ್ಟ್‌ಗಳಿಗೂ ಪ್ರತಿ ಕಳಿಸುತ್ತದೆ. ಇದೇ ಫ್ಲಡಿಂಗ್.

ಸ್ವಿಚ್ ಕಲಿಯುವುದು ಒಳಬರುವ ಫ್ರೇಮ್‌ನ ಸೋರ್ಸ್ ಮ್ಯಾಕ್ (ಕಳಿಸಿದವನ ವಿಳಾಸ) ನೋಡಿ. ಬಾಯಿಯೇ ಬಿಡದ ಸಾಧನ ಎಲ್ಲಿದೆ ಎಂದು ತಿಳಿಯಲು ಅದಕ್ಕೆ ಬೇರೆ ದಾರಿ ಇಲ್ಲ. ಕಲಿತದ್ದೂ ಶಾಶ್ವತವಲ್ಲ: ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲೂ ಲಿನಕ್ಸ್ ಬ್ರಿಡ್ಜ್‌ನಲ್ಲೂ (ಲಿನಕ್ಸ್ ಯಂತ್ರದೊಳಗಿನ ಸಾಫ್ಟ್‌ವೇರ್ ಸ್ವಿಚ್) 300 ಸೆಕೆಂಡ್ ಆ ಮ್ಯಾಕ್‌ನಿಂದ ಒಂದೂ ಫ್ರೇಮ್ ಬರದಿದ್ದರೆ ಸಾಲು ಅಳಿದುಹೋಗುತ್ತದೆ. ಈ 300 ಸೆಕೆಂಡ್ ಅನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ತೊಂದರೆಗಳ ಬೇರು ಅಲ್ಲೇ ಇದೆ.

ಫ್ಲಡ್ ಆದರೆ ನಷ್ಟವೇನು? ತನ್ನದಲ್ಲದ ಫ್ರೇಮ್ ಅನ್ನು ಕಂಪ್ಯೂಟರ್ ಹೇಗೂ ಬಿಸಾಡುತ್ತದಲ್ಲ?

ನೆಟ್‌ವರ್ಕ್ ಕಾರ್ಡ್ ಬಿಸಾಡುತ್ತದೆ, ನಿಜ. ಆದರೆ ಅಷ್ಟು ಹೊತ್ತಿಗೆ ಫ್ರೇಮ್ ತಂತಿಯ ಮೇಲೆ ಹೋಗಿ ಆಗಿರುತ್ತದೆ. ಎರಡು ಸರ್ವರ್‌ಗಳ ನಡುವೆ 400 ಎಂಬಿಪಿಎಸ್ ಬ್ಯಾಕಪ್ ಓಡುತ್ತಿದೆ, ಅದು ಫ್ಲಡ್ ಆಗುತ್ತಿದೆ ಎಂದುಕೊಳ್ಳಿ. ಅದೇ ವಿಲ್ಯಾನ್‌ನಲ್ಲಿ 100 ಎಂಬಿಪಿಎಸ್ ಪೋರ್ಟ್‌ಗೆ ಹಾಕಿದ ಐಪಿ ಫೋನ್ ಇದ್ದರೆ, ಆ ಪೋರ್ಟ್‌ನ ಕ್ಯೂ ತುಂಬಿ ಫೋನಿನ ಸ್ವಂತ ಪ್ಯಾಕೆಟ್‌ಗಳೇ ಬೀಳುತ್ತವೆ. ಹಳೆಯ 10 ಎಂಬಿಪಿಎಸ್ ನಿಯಂತ್ರಕ, ವೈರ್‌ಲೆಸ್ ಬ್ರಿಡ್ಜ್ ಇಂಥವು ಇನ್ನೂ ಬೇಗ ಉಸಿರುಗಟ್ಟುತ್ತವೆ.

ಎರಡನೆಯದು ಗೌಪ್ಯತೆ. ಕಾರ್ಡನ್ನು ಪ್ರಾಮಿಸ್ಕ್ಯುಅಸ್ ಮೋಡ್‌ಗೆ (ತನ್ನದಲ್ಲದ ಫ್ರೇಮ್ ಅನ್ನೂ ಬಿಸಾಡದೆ ಓದುವ ಸ್ಥಿತಿ) ಹಾಕಿ ಕೂತವನಿಗೆ ಬೇರೆಯವರ ಮಾತುಕತೆ ಪುಕ್ಕಟೆಯಾಗಿ ಸಿಗುತ್ತದೆ. ನಕಲಿ ಸೋರ್ಸ್ ಮ್ಯಾಕ್‌ಗಳನ್ನು ಸಾವಿರಗಟ್ಟಲೆ ಸುರಿದು ಟೇಬಲ್ ತುಂಬಿಸುವ ದಾಳಿಯ ಗುರಿಯೇ ಇದು: ಟೇಬಲ್ ತುಂಬಿದರೆ ಹೊಸಬರನ್ನು ಕಲಿಯಲು ಜಾಗವಿಲ್ಲ, ಕಲಿಯದಿದ್ದರೆ ಎಲ್ಲವೂ ಫ್ಲಡ್.

ಪೋರ್ಟ್ ಬ್ಲಾಕಿಂಗ್ ನಿಜವಾಗಿ ಏನನ್ನು ತಡೆಯುತ್ತದೆ?

ನೀವು ಯಾವ ಪೋರ್ಟ್‌ಗೆ ಹಾಕಿದಿರೋ ಆ ಪೋರ್ಟ್‌ನಿಂದ ಹೊರಹೋಗುವ ಫ್ಲಡ್ ಅನ್ನು ಮಾತ್ರ. ದಿಕ್ಕಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಪೋರ್ಟ್ 7ರಲ್ಲಿರುವ ಯಂತ್ರ ಕಸ ಸುರಿಯುತ್ತಿದೆ ಎಂದು ಪೋರ್ಟ್ 7ಕ್ಕೆ ಬ್ಲಾಕ್ ಹಾಕಿದರೆ ಏನೂ ಪ್ರಯೋಜನವಿಲ್ಲ, ಆ ಕಸ ಒಳಗೆ ಬಂದು ಬೇರೆ ಪೋರ್ಟ್‌ಗಳಿಗೆ ಹರಡುತ್ತಲೇ ಇರುತ್ತದೆ. ಸುರಿಯುವವನನ್ನು ಹಿಡಿಯಲು ಸ್ಟಾರ್ಮ್ ಕಂಟ್ರೋಲ್ (ಒಳಬರುವ ಟ್ರಾಫಿಕ್‌ಗೆ ಮಿತಿ) ಮತ್ತು ಪೋರ್ಟ್ ಸೆಕ್ಯುರಿಟಿ (ಪೋರ್ಟ್‌ನಲ್ಲಿ ಯಾವ ಮ್ಯಾಕ್‌ಗಳಿಗೆ ಅವಕಾಶ ಎಂಬ ಮಿತಿ) ಇವೆ. ಬ್ಲಾಕ್ ಇರುವುದು ಬೇರೆಯವರ ಕಸ ಈ ಪೋರ್ಟ್‌ಗೆ ಬೀಳದಿರಲಿ ಎಂದು.

ಬ್ರಾಡ್‌ಕಾಸ್ಟ್ ಇದರಿಂದ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಎಆರ್‌ಪಿ ವಿನಂತಿ (ಈ ಐಪಿ ವಿಳಾಸದವನ ಮ್ಯಾಕ್ ಯಾವುದು ಎಂಬ ಪ್ರಶ್ನೆ) ಬ್ರಾಡ್‌ಕಾಸ್ಟ್ ಆದ್ದರಿಂದ ಅದು ಬ್ಲಾಕ್ ಇರುವ ಪೋರ್ಟ್‌ಗೂ ಹೋಗುತ್ತದೆ, ಆ ಕಡೆಯ ಸಾಧನ ಉತ್ತರ ಕೊಡುತ್ತದೆ, ಉತ್ತರದ ಸೋರ್ಸ್ ಮ್ಯಾಕ್ ನೋಡಿ ಸ್ವಿಚ್ ಕಲಿಯುತ್ತದೆ. ಯುನಿಕಾಸ್ಟ್ ಬ್ಲಾಕ್ ಹಾಕಿದ ಮೇಲೂ ಮಾಮೂಲಿ ಕಂಪ್ಯೂಟರ್‌ಗಳು ತಕರಾರಿಲ್ಲದೆ ನಡೆಯುವುದು ಈ ಕಾರಣಕ್ಕೆ.

ಸಿಸ್ಕೊ ಸ್ವಿಚ್‌ನಲ್ಲಿ ಹಾಕುವುದು ಹೇಗೆ?

ಕಾನ್ಫಿಗರೇಶನ್ ಮೋಡ್‌ಗೆ ಹೋಗಿ, ಬೇಕಾದ ಇಂಟರ್‌ಫೇಸ್ ಒಳಗೆ:

ಸ್ವಿಚ್‌ಪೋರ್ಟ್ ಬ್ಲಾಕ್ ಯುನಿಕಾಸ್ಟ್
ಸ್ವಿಚ್‌ಪೋರ್ಟ್ ಬ್ಲಾಕ್ ಮಲ್ಟಿಕಾಸ್ಟ್

ಎರಡೂ ಬೇರೆ ಬೇರೆ ಆಜ್ಞೆಗಳು. ಒಂದನ್ನು ಹಾಕಿದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಡೀಫಾಲ್ಟ್ ಆಗಿ ಎರಡೂ ಆಫ್. ನೋಡಲು "ಶೋ ಇಂಟರ್‌ಫೇಸಸ್", ಪೋರ್ಟ್ ಹೆಸರು, ಕೊನೆಗೆ "ಸ್ವಿಚ್‌ಪೋರ್ಟ್". ಫಲಿತಾಂಶದ ಕೊನೆಯ ಭಾಗದಲ್ಲಿ "ಅನ್‌ನೋನ್ ಯುನಿಕಾಸ್ಟ್ ಬ್ಲಾಕ್ಡ್", "ಅನ್‌ನೋನ್ ಮಲ್ಟಿಕಾಸ್ಟ್ ಬ್ಲಾಕ್ಡ್" ಎಂಬ ಎರಡು ಸಾಲು ಇರುತ್ತವೆ, ಮುಂದೆ "ಎನೇಬಲ್ಡ್" ಎಂದಿರಬೇಕು.

ಈಥರ್‌ಚಾನೆಲ್ (ಹಲವು ಪೋರ್ಟ್‌ಗಳನ್ನು ಒಂದಾಗಿ ಕಟ್ಟಿದ್ದು) ಇದ್ದರೆ ಪೋರ್ಟ್‌ಚಾನೆಲ್ ಇಂಟರ್‌ಫೇಸ್‌ನ ಮೇಲೆ ಹಾಕಿ. ಆ ಗುಂಪಿನ ಎಲ್ಲ ಪೋರ್ಟ್‌ಗಳಿಗೂ ಅನ್ವಯಿಸುತ್ತದೆ.

ಲಿನಕ್ಸ್ ಬ್ರಿಡ್ಜ್‌ನಲ್ಲಿ?

"ಬ್ರಿಡ್ಜ್ ಲಿಂಕ್ ಸೆಟ್ ಡೆವ್", ಪೋರ್ಟ್ ಹೆಸರು, ನಂತರ "ಫ್ಲಡ್ ಆಫ್". ಮಲ್ಟಿಕಾಸ್ಟ್‌ಗೆ ಅದೇ ಸಾಲಿನ ಕೊನೆಯಲ್ಲಿ "ಎಮ್‌ಕಾಸ್ಟ್_ಫ್ಲಡ್ ಆಫ್". "ಬ್ರಿಡ್ಜ್ -ಡಿ ಲಿಂಕ್ ಶೋ" ಕೊಟ್ಟರೆ ಸದ್ಯದ ಸ್ಥಿತಿ ಕಾಣುತ್ತದೆ. "ಬಿಕಾಸ್ಟ್_ಫ್ಲಡ್" ಎಂಬ ಮೂರನೆಯದೂ ಇದೆ. ಎಆರ್‌ಪಿ ಬೇಕಿದ್ದರೆ ಅದನ್ನು ಮುಟ್ಟಬೇಡಿ. ಈ ಸೆಟ್ಟಿಂಗ್‌ಗಳು ರೀಬೂಟ್ ಆದರೆ ಹೋಗುತ್ತವೆ, ನೆಟ್‌ವರ್ಕ್ ಕಾನ್ಫಿಗರೇಶನ್ ಫೈಲಿನಲ್ಲೂ ಬರೆದಿಡಿ.

ಜುನಿಪರ್ ಇಎಕ್ಸ್ ಸರಣಿಯಲ್ಲಿ ಯೋಚನೆಯೇ ಸ್ವಲ್ಪ ಬೇರೆ. ಅಲ್ಲಿ ಒಂದು ವಿಲ್ಯಾನ್‌ನ ಅನ್‌ನೋನ್ ಯುನಿಕಾಸ್ಟ್ ಅನ್ನೆಲ್ಲ ಒಂದೇ ಇಂಟರ್‌ಫೇಸ್‌ಗೆ ತಿರುಗಿಸಬಹುದು. ಉಳಿದ ಪೋರ್ಟ್‌ಗಳಿಗೆ ಹೋಗುವುದು ತಾನಾಗಿ ನಿಲ್ಲುತ್ತದೆ, ಎಲ್ಲೋ ಹೋಗಬೇಕಾದ ಫ್ರೇಮ್ ಅಪ್‌ಲಿಂಕ್ (ಮೇಲಿನ ಸ್ವಿಚ್‌ಗೆ ಹೋಗುವ ಲಿಂಕ್) ಕಡೆಗಾದರೂ ಹೋಗುತ್ತದೆ.

ಎಲ್ಲ ಪೋರ್ಟ್‌ಗಳಿಗೂ ಒಟ್ಟಿಗೆ ಹಾಕಿಬಿಡಬಹುದೇ?

ಬೇಡ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಟ್ರಂಕ್, ಅಪ್‌ಲಿಂಕ್‌ಗಳಿಗೆ ಖಂಡಿತ ಬೇಡ. ಅಪ್‌ಲಿಂಕ್‌ನಾಚೆ ಹತ್ತಾರು ಸಾಧನಗಳಿರುತ್ತವೆ. ಅವುಗಳಲ್ಲಿ ಒಂದರ ಸಾಲು ಈ ಸ್ವಿಚ್‌ನಲ್ಲಿ ಅಳಿದುಹೋದರೆ, ಅದನ್ನು ಮತ್ತೆ ಹುಡುಕಿಕೊಳ್ಳುವ ಏಕೈಕ ದಾರಿ ಫ್ಲಡ್. ಆ ದಾರಿಯನ್ನು ಮುಚ್ಚಿದರೆ "ಕೆಲವೊಮ್ಮೆ ಪಿಂಗ್ ಆಗುತ್ತೆ, ಕೆಲವೊಮ್ಮೆ ಆಗಲ್ಲ" ಎಂಬ ದೂರುಗಳು ಶುರುವಾಗುತ್ತವೆ, ಕಾರಣ ಸಿಗಲು ವಾರ ಹಿಡಿಯುತ್ತದೆ.

ಬ್ಲಾಕ್ ಹೊಂದುವ ಜಾಗಗಳು: ಒಂದೇ ಸಾಧನ ಇರುವ ಆ್ಯಕ್ಸೆಸ್ ಪೋರ್ಟ್, ಅತಿಥಿಗಳ ಅಥವಾ ಬಾಡಿಗೆ ಸರ್ವರ್‌ಗಳ ಪೋರ್ಟ್, ವೇಗ ಕಡಿಮೆ ಇರುವ ಲಿಂಕ್. "ಸ್ವಿಚ್‌ಪೋರ್ಟ್ ಪ್ರೊಟೆಕ್ಟೆಡ್" ಹಾಕಿದ ಪೋರ್ಟ್‌ಗಳಿಗೆ ಇದನ್ನೂ ಸೇರಿಸಿ. ಪ್ರೊಟೆಕ್ಟೆಡ್ ಪೋರ್ಟ್‌ಗಳು ಪರಸ್ಪರ ಮಾತಾಡುವುದಿಲ್ಲ, ಸರಿ. ಆದರೆ ಪ್ರೊಟೆಕ್ಟೆಡ್ ಅಲ್ಲದ ಪೋರ್ಟ್‌ನಿಂದ ಬಂದ ಅನ್‌ನೋನ್ ಫ್ರೇಮ್ ಅವುಗಳಿಗೂ ಹೋಗುತ್ತದೆ. ಆ ಸಂದಿಯನ್ನು ಮುಚ್ಚುವುದು ಬ್ಲಾಕ್.

ಬ್ಲಾಕ್ ಹಾಕಿದ ಮೇಲೆ ಪ್ರಿಂಟರ್ ಆಗಾಗ ಸಿಗುತ್ತಿಲ್ಲ. ಯಾಕೆ?

ಪ್ರಿಂಟರ್, ಬಾಗಿಲ ಕಾರ್ಡ್ ರೀಡರ್, ಸೆನ್ಸರ್, ಯುಪಿಎಸ್‌ನ ನಿರ್ವಹಣಾ ಕಾರ್ಡ್, ಇವೆಲ್ಲ ಮೌನಿ ಸಾಧನಗಳು. ಯಾರಾದರೂ ಕೇಳಿದರೆ ಮಾತ್ರ ಉತ್ತರ. ಇಲ್ಲಿ ಎರಡು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ಓಡುತ್ತಿವೆ. ಸಿಸ್ಕೊ ಐಒಎಸ್ ರೂಟರ್‌ನಲ್ಲಿ ಎಆರ್‌ಪಿ ಸಾಲಿನ ಆಯುಷ್ಯ 4 ಗಂಟೆ, ಅಂದರೆ 14,400 ಸೆಕೆಂಡ್. ಸ್ವಿಚ್‌ನ ಮ್ಯಾಕ್ ಸಾಲಿನದು 300 ಸೆಕೆಂಡ್. ಪ್ರಿಂಟರ್ ಸುಮ್ಮನಾಗಿ 5 ನಿಮಿಷ ಕಳೆದ ಮೇಲೆ ರೂಟರ್‌ಗೆ ಅದರ ಮ್ಯಾಕ್ ಗೊತ್ತು, ಹಾಗಾಗಿ ಎಆರ್‌ಪಿ ಕೇಳದೆ ನೇರ ಯುನಿಕಾಸ್ಟ್ ಕಳಿಸುತ್ತದೆ. ಸ್ವಿಚ್‌ಗೆ ಪ್ರಿಂಟರ್ ಎಲ್ಲಿದೆ ಗೊತ್ತಿಲ್ಲ. ಬ್ಲಾಕ್ ಇಲ್ಲದಿದ್ದರೆ ಫ್ಲಡ್ ಆಗಿ ಪ್ರಿಂಟರ್ ತಲುಪಿ, ಅದು ಉತ್ತರಿಸಿ, ಎಲ್ಲ ಸರಿಹೋಗುತ್ತಿತ್ತು. ಬ್ಲಾಕ್ ಇದೆ, ಫ್ರೇಮ್ ಅಲ್ಲೇ ಸತ್ತಿತು. ಪ್ರಿಂಟರ್‌ಗೆ ಯಾರೋ ಕರೆದರೆಂಬ ಸುದ್ದಿಯೂ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕಿದ್ದರೆ, ಕೆಲಸವಿಲ್ಲದ ಹೊತ್ತಿನಲ್ಲಿ ಹೀಗೆ ಮಾಡಿ. ಬೇರೆ ಒಂದು ರೂಟರ್‌ನಿಂದ ಪ್ರಿಂಟರ್‌ಗೆ ಪಿಂಗ್ ಕೊಡಿ, ಉತ್ತರ ಬರಲಿ. ಸ್ವಿಚ್‌ನಲ್ಲಿ "ಕ್ಲಿಯರ್ ಮ್ಯಾಕ್ ಅಡ್ರೆಸ್-ಟೇಬಲ್ ಡೈನಮಿಕ್ ಇಂಟರ್‌ಫೇಸ್" ಎಂದು ಆ ಪೋರ್ಟ್‌ನ ಸಾಲನ್ನು ಅಳಿಸಿ. ಮತ್ತೆ ಪಿಂಗ್ ಮಾಡಿದರೆ ಐದಕ್ಕೆ ಐದೂ ಬೀಳುತ್ತವೆ. ಈಗ ರೂಟರ್‌ನಲ್ಲಿ "ಕ್ಲಿಯರ್ ಐಪಿ ಎಆರ್‌ಪಿ" ಜೊತೆ ಪ್ರಿಂಟರ್‌ನ ಐಪಿ ಕೊಟ್ಟು, ಮತ್ತೆ ಪಿಂಗ್ ಮಾಡಿ. ಮೊದಲನೆಯದು ಬೀಳಬಹುದು, ಉಳಿದವು ಬರುತ್ತವೆ. ಎಆರ್‌ಪಿ ಬ್ರಾಡ್‌ಕಾಸ್ಟ್ ಹೋಗಿ ಪ್ರಿಂಟರ್ ಬಾಯಿಬಿಟ್ಟಿತು, ಸ್ವಿಚ್ ಕಲಿಯಿತು. ನಡುವೆ ಪ್ರಿಂಟರ್ ತಾನಾಗಿ ಒಂದು ಫ್ರೇಮ್ ಕಳಿಸಿಬಿಟ್ಟರೆ ಪ್ರಯೋಗ ಕೆಡುತ್ತದೆ, ಇನ್ನೊಮ್ಮೆ ಮಾಡಿ.

ಕೇಳುವ ಕಡೆ ಲಿನಕ್ಸ್ ಯಂತ್ರವಿದ್ದರೆ ಲಕ್ಷಣ ಸ್ವಲ್ಪ ಬೇರೆ. ಹಳತಾದ ಎಆರ್‌ಪಿ ಸಾಲನ್ನು ಅದು ಮೊದಲು ಮೂರು ಸಲ ಯುನಿಕಾಸ್ಟ್‌ನಲ್ಲೇ ಪರೀಕ್ಷಿಸುತ್ತದೆ. ಆ ಮೂರೂ ಬ್ಲಾಕ್‌ಗೆ ಬಲಿಯಾಗಿ, ಸಾಲು ಬಿದ್ದುಹೋದ ಮೇಲಷ್ಟೇ ಬ್ರಾಡ್‌ಕಾಸ್ಟ್. ಆದ್ದರಿಂದ ಸಂಪರ್ಕ ಪೂರ್ತಿ ಸಾಯುವುದಿಲ್ಲ, ಕೆಲವು ಸೆಕೆಂಡ್ ತಡವಾಗಿ ಸಿಗುತ್ತದೆ. "ಮೊದಲ ಸಲ ಯಾವಾಗಲೂ ನಿಧಾನ" ಎಂದು ಯಾರಾದರೂ ಹೇಳಿದರೆ ಇದನ್ನು ಅನುಮಾನಿಸಿ.

ಹಾಗಾದರೆ ಮೌನಿ ಸಾಧನಗಳಿಗೆ ಪರಿಹಾರ?

ನಮ್ಮ ಮೊದಲ ಆಯ್ಕೆ ಸ್ಟ್ಯಾಟಿಕ್ ಸಾಲು: "ಮ್ಯಾಕ್ ಅಡ್ರೆಸ್-ಟೇಬಲ್ ಸ್ಟ್ಯಾಟಿಕ್", ಮ್ಯಾಕ್, "ವಿಲ್ಯಾನ್" ಸಂಖ್ಯೆ, "ಇಂಟರ್‌ಫೇಸ್" ಹೆಸರು. ಅದು ಎಂದೂ ಅಳಿಯುವುದಿಲ್ಲ. ಸಾಧನಗಳು ಹೆಚ್ಚಿದ್ದರೆ ಪೋರ್ಟ್ ಸೆಕ್ಯುರಿಟಿಯ ಸ್ಟಿಕಿ ಕಲಿಕೆ ಅನುಕೂಲ. ಸ್ವಿಚ್ ಒಮ್ಮೆ ಕಲಿತ ಮ್ಯಾಕ್ ಅನ್ನು ರನ್ನಿಂಗ್ ಕಾನ್ಫಿಗರೇಶನ್‌ಗೆ ಬರೆದುಕೊಳ್ಳುತ್ತದೆ. ಕಾನ್ಫಿಗರೇಶನ್ ಸೇವ್ ಮಾಡದಿದ್ದರೆ ರೀಲೋಡ್ ಆದಾಗ ಅದೂ ಹೋಗುತ್ತದೆ. ಮತ್ತೆ, ಸಾಧನ ಬದಲಿಸಿದ ದಿನ ಹಳೆಯ ಮ್ಯಾಕ್ ತೆಗೆಯುವುದನ್ನು ಮರೆತರೆ ಹೊಸ ಪ್ರಿಂಟರ್ ನಡೆಯುವುದಿಲ್ಲ. ಪೋರ್ಟ್‌ನ ವಿವರಣೆ ಸಾಲಿನಲ್ಲೇ "ಸ್ಟ್ಯಾಟಿಕ್ ಮ್ಯಾಕ್ ಇದೆ" ಎಂದು ಬರೆದಿಡಿ.

ಇನ್ನೊಂದು ದಾರಿ ಎರಡು ಗಡಿಯಾರಗಳನ್ನು ಹೊಂದಿಸುವುದು. ಎಆರ್‌ಪಿ ಆಯುಷ್ಯ ಮ್ಯಾಕ್ ಆಯುಷ್ಯಕ್ಕಿಂತ ಕಡಿಮೆ ಇರಬೇಕು. ಸಿಸ್ಕೊ ನೆಕ್ಸಸ್ 7000ದಲ್ಲಿ ಡೀಫಾಲ್ಟ್ ಆಗಿಯೇ ಎಆರ್‌ಪಿ 1500, ಮ್ಯಾಕ್ 1800 ಸೆಕೆಂಡ್. ಕ್ಯಾಟಲಿಸ್ಟ್‌ನಲ್ಲಿ ನೀವೇ ಮಾಡಬೇಕು: ಮ್ಯಾಕ್ ಏಜಿಂಗ್ ಅನ್ನು 14,400ಕ್ಕಿಂತ ತುಸು ಮೇಲಕ್ಕೆ ಏರಿಸಿ, ಇಲ್ಲವೇ ರೂಟರ್ ಇಂಟರ್‌ಫೇಸ್‌ನಲ್ಲಿ ಎಆರ್‌ಪಿ ಟೈಮ್‌ಔಟ್ ಅನ್ನು 270 ಸೆಕೆಂಡ್‌ಗೆ ಇಳಿಸಿ. ಸಾವಿರಾರು ಹೋಸ್ಟ್ ಇರುವ ಕಡೆ ಎರಡನೆಯದು ರೂಟರ್‌ನ ಸಿಪಿಯು ಮೇಲೆ ಭಾರ ಹಾಕುತ್ತದೆ, ಅಲ್ಲಿ ಮೊದಲನೆಯದೇ ವಾಸಿ. ಲಿಂಕ್ ಒಮ್ಮೆ ಡೌನ್ ಆಗಿ ಅಪ್ ಆದರೆ ಮಾತ್ರ ಈ ಹೊಂದಾಣಿಕೆ ಕೈಕೊಡುತ್ತದೆ, ಏಕೆಂದರೆ ಆ ಪೋರ್ಟ್‌ನ ಡೈನಮಿಕ್ ಸಾಲುಗಳು ಆಗ ತಕ್ಷಣ ಅಳಿಯುತ್ತವೆ.

ಫ್ಲಡ್ ಯಾಕೆ ಆಗುತ್ತಿದೆ ಎಂದು ಕಂಡುಹಿಡಿಯುವುದು ಹೇಗೆ? ಬ್ಲಾಕ್ ಹಾಕಿದರೆ ಸಾಲದೇ?

ಸಾಲದು. ಬ್ಲಾಕ್ ಹಾಕಿದ ಪೋರ್ಟ್ ಬಚಾವಾಗುತ್ತದೆ, ಫ್ಲಡ್ ಇನ್ನೆಲ್ಲೋ ಮುಂದುವರಿಯುತ್ತದೆ. ಕಾರಣ ಹುಡುಕಿದ ಮೇಲೆ ಬ್ಲಾಕ್ ಹಾಕಿ ಎಂದು ನಾವು ಒತ್ತಾಯಿಸಿ ಹೇಳುತ್ತೇವೆ.

ಒಂದು ಆ್ಯಕ್ಸೆಸ್ ಪೋರ್ಟ್‌ಗೆ ಲ್ಯಾಪ್‌ಟಾಪ್ ಹಾಕಿ 15 ನಿಮಿಷ ಕ್ಯಾಪ್ಚರ್ ಮಾಡಿ. ನಿಮ್ಮ ಮ್ಯಾಕ್, ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್ ಈ ಮೂರನ್ನೂ ಫಿಲ್ಟರ್‌ನಿಂದ ಹೊರಗಿಡಿ. ಉಳಿದದ್ದೇ ಫ್ಲಡ್ ಆದ ಯುನಿಕಾಸ್ಟ್. ಅಲ್ಲೊಂದು ಇಲ್ಲೊಂದು ಫ್ರೇಮ್ ಕಂಡರೆ ಸಹಜ. ಒಂದೇ ಡೆಸ್ಟಿನೇಶನ್ ಮ್ಯಾಕ್‌ಗೆ ಧಾರೆಯಾಗಿ ಬರುತ್ತಿದ್ದರೆ ಆ ಮ್ಯಾಕ್ ಅನ್ನು ಬರೆದುಕೊಂಡು ಸ್ವಿಚ್‌ನಲ್ಲಿ "ಶೋ ಮ್ಯಾಕ್ ಅಡ್ರೆಸ್-ಟೇಬಲ್ ಅಡ್ರೆಸ್" ಕೊಟ್ಟು ಹುಡುಕಿ.

ಸಾಮಾನ್ಯವಾಗಿ ಸಿಗುವ ಕಾರಣ ಅಸಮ ಮಾರ್ಗ. ಎರಡು ಡಿಸ್ಟ್ರಿಬ್ಯೂಶನ್ ಸ್ವಿಚ್‌ಗಳಿವೆ (ಕೆಳಗಿನ ಸ್ವಿಚ್‌ಗಳನ್ನು ಜೋಡಿಸುವ, ರೂಟರ್ ಕೆಲಸವನ್ನೂ ಮಾಡುವ ಸ್ವಿಚ್‌ಗಳು). ಹೋಸ್ಟ್‌ನಿಂದ ಹೋಗುವ ದಾರಿ ಒಂದರ ಮೂಲಕ, ಮರಳುವ ದಾರಿ ಇನ್ನೊಂದರ ಮೂಲಕ. ಎರಡನೆಯದು ಒಮ್ಮೆ ಎಆರ್‌ಪಿ ಕೇಳಿದಾಗ ಹೋಸ್ಟ್‌ನ ಮ್ಯಾಕ್ ಕಲಿಯುತ್ತದೆ. ಆಮೇಲೆ ಹೋಸ್ಟ್‌ನ ಫ್ರೇಮ್‌ಗಳೆಲ್ಲ ಮೊದಲನೆಯದಕ್ಕೇ ಹೋಗುವುದರಿಂದ 300ನೇ ಸೆಕೆಂಡಿಗೆ ಸಾಲು ಅಳಿಯುತ್ತದೆ, ಎಆರ್‌ಪಿ ಮಾತ್ರ 14,400ರವರೆಗೆ ಜೀವಂತ. ನಡುವಿನ 3 ಗಂಟೆ 55 ನಿಮಿಷ ಆ ಹೋಸ್ಟ್‌ನ ಡೌನ್‌ಲೋಡ್ ಎಲ್ಲ ಫ್ಲಡ್. ಹೋಸ್ಟ್ ಮೌನಿಯೂ ಅಲ್ಲ, ಜೋರಾಗಿಯೇ ಮಾತಾಡುತ್ತಿದೆ. ಮಾತು ಈ ಸ್ವಿಚ್‌ನ ಕಿವಿಗೆ ಬೀಳುತ್ತಿಲ್ಲ. ಪರಿಹಾರ ಮೇಲೆ ಹೇಳಿದ ಗಡಿಯಾರ ಹೊಂದಾಣಿಕೆಯೇ.

ಎರಡನೆಯ ಕಾರಣ ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಫ್ರೇಮ್ ಸುತ್ತುತ್ತಲೇ ಇರದಂತೆ ನೋಡಿಕೊಳ್ಳುವ ವ್ಯವಸ್ಥೆ). ಟೊಪಾಲಜಿ ಬದಲಾದ ಸುದ್ದಿ ಬಂದಾಗ ಹಳೆಯ 802.1ಡಿ ಮ್ಯಾಕ್ ಆಯುಷ್ಯವನ್ನು 15 ಸೆಕೆಂಡ್‌ಗೆ ಇಳಿಸುತ್ತದೆ, ರಾಪಿಡ್ ಆವೃತ್ತಿ ಸಾಲುಗಳನ್ನು ಕೂಡಲೇ ಒರೆಸುತ್ತದೆ. ಕಂಪ್ಯೂಟರ್ ಆನ್ ಆಫ್ ಮಾಡಿದಾಗಲೆಲ್ಲ ಈ ಸುದ್ದಿ ಹೊರಡುತ್ತಿದ್ದರೆ ಟೇಬಲ್ ಯಾವಾಗಲೂ ಅರ್ಧ ಖಾಲಿ. "ಶೋ ಸ್ಪ್ಯಾನಿಂಗ್-ಟ್ರೀ ಡೀಟೇಲ್"ನಲ್ಲಿ ಬದಲಾವಣೆಗಳ ಎಣಿಕೆ, ಕೊನೆಯದು ಯಾವ ಪೋರ್ಟ್‌ನಿಂದ ಬಂತು ಎಂಬುದು ಸಿಗುತ್ತದೆ. ಆ್ಯಕ್ಸೆಸ್ ಪೋರ್ಟ್‌ಗಳಿಗೆ ಪೋರ್ಟ್‌ಫಾಸ್ಟ್ (ಇಲ್ಲಿರುವುದು ಸ್ವಿಚ್ ಅಲ್ಲ, ಬರೀ ಸಾಧನ ಎಂದು ಸ್ಪ್ಯಾನಿಂಗ್ ಟ್ರೀಗೆ ಹೇಳುವ ಸೆಟ್ಟಿಂಗ್) ಹಾಕಿದರೆ ಇದು ನಿಲ್ಲುತ್ತದೆ.

ಟೇಬಲ್ ತುಂಬಿರುವುದು ಮೂರನೆಯದು. "ಶೋ ಮ್ಯಾಕ್ ಅಡ್ರೆಸ್-ಟೇಬಲ್ ಕೌಂಟ್" ನೋಡಿ.

ಮೈಕ್ರೋಸಾಫ್ಟ್ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸಿಂಗ್ ಬಳಸುತ್ತೇವೆ. ಏನಾದರೂ ತೊಂದರೆಯೇ?

ಅದು ಹಲವು ಸರ್ವರ್‌ಗಳು (ಕ್ಲಸ್ಟರ್) ಒಂದೇ ವಿಳಾಸದಲ್ಲಿ ಕೆಲಸ ಹಂಚಿಕೊಳ್ಳುವ ವ್ಯವಸ್ಥೆ. ಅದರ ಯುನಿಕಾಸ್ಟ್ ಮೋಡ್ ನಿಂತಿರುವುದೇ ಫ್ಲಡ್‌ನ ಮೇಲೆ. ಕ್ಲಸ್ಟರ್‌ನ ಹಂಚಿಕೊಂಡ ಮ್ಯಾಕ್ ಅನ್ನು ಸ್ವಿಚ್ ಎಂದೂ ಕಲಿಯದಂತೆ ಸರ್ವರ್‌ಗಳು ಹೊರಹೋಗುವ ಫ್ರೇಮ್‌ನಲ್ಲಿ ಬೇರೆ ಸೋರ್ಸ್ ಮ್ಯಾಕ್ ಹಾಕುತ್ತವೆ. ಆ ಸರ್ವರ್ ಪೋರ್ಟ್‌ಗಳಿಗೆ ಯುನಿಕಾಸ್ಟ್ ಬ್ಲಾಕ್ ಹಾಕಿದ ಕ್ಷಣ ಕ್ಲಸ್ಟರ್ ಸತ್ತಂತೆ. ಆ ಸರ್ವರ್‌ಗಳಿಗೆ ಪ್ರತ್ಯೇಕ ವಿಲ್ಯಾನ್ ಕೊಡಿ, ಅವುಗಳ ಪೋರ್ಟ್ ತೆರೆದಿಡಿ, ಬೇರೆ ಯಾರನ್ನೂ ಅಲ್ಲಿ ಸೇರಿಸಬೇಡಿ.

ಈಗ ಮಲ್ಟಿಕಾಸ್ಟ್. "ಬ್ಲಾಕ್ ಮಲ್ಟಿಕಾಸ್ಟ್" ಹಾಕಿದರೂ ವಿಡಿಯೊ ಸ್ಟ್ರೀಮ್ ಪೋರ್ಟ್‌ಗೆ ಬರುತ್ತಲೇ ಇದೆ!

ಸಿಸ್ಕೊ ಕ್ಯಾಟಲಿಸ್ಟ್‌ನಲ್ಲಿ ಆ ಆಜ್ಞೆ ತಡೆಯುವುದು ಶುದ್ಧ ಲೇಯರ್ 2 ಮಲ್ಟಿಕಾಸ್ಟ್ ಅನ್ನು ಮಾತ್ರ. ಒಳಗೆ ಐಪಿವಿ4 ಅಥವಾ ಐಪಿವಿ6 ಹೆಡರ್ ಇರುವ ಪ್ಯಾಕೆಟ್ ಅದಕ್ಕೆ ಸಿಗುವುದಿಲ್ಲ. ಕ್ಯಾಮೆರಾ, ಐಪಿಟಿವಿ ಎಲ್ಲ ಐಪಿ ಮಲ್ಟಿಕಾಸ್ಟ್. ಅವನ್ನು ಹಿಡಿತದಲ್ಲಿಡುವುದು ಐಜಿಎಂಪಿ ಸ್ನೂಪಿಂಗ್ (ಗುಂಪಿಗೆ ಸೇರುವ ಸಂದೇಶಗಳನ್ನು ಸ್ವಿಚ್ ಕೇಳಿಸಿಕೊಂಡು, ಸದಸ್ಯರಿರುವ ಪೋರ್ಟ್‌ಗಳಿಗಷ್ಟೇ ಕಳಿಸುವುದು), ಐಪಿವಿ6ಕ್ಕೆ ಎಂಎಲ್‌ಡಿ ಸ್ನೂಪಿಂಗ್.

ಶುದ್ಧ ಲೇಯರ್ 2 ಎಂದರೆ ಕೈಗಾರಿಕೆಯ ಕಡೆ ಹೆಚ್ಚು: ಪ್ರೊಫಿನೆಟ್‌ನ ಸಾಧನ ಹುಡುಕುವ ಸಂದೇಶಗಳು, ವಿದ್ಯುತ್ ಉಪಕೇಂದ್ರಗಳ ಐಇಸಿ 61850 ವ್ಯವಸ್ಥೆಯ ಗೂಸ್ ಸಂದೇಶಗಳು. ಗೂಸ್ ಸಂದೇಶ ಬ್ರೇಕರ್ ಟ್ರಿಪ್ ಮಾಡಲೂ ಬಳಕೆಯಾಗುತ್ತದೆ. ಅಂಥ ರಿಲೇ ಇರುವ ಪೋರ್ಟ್‌ಗೆ ಯೋಚಿಸದೆ ಮಲ್ಟಿಕಾಸ್ಟ್ ಬ್ಲಾಕ್ ಹಾಕುವುದು ಅಪಾಯ, ದಯವಿಟ್ಟು ಮಾಡಬೇಡಿ.

ಸ್ಪ್ಯಾನಿಂಗ್ ಟ್ರೀ, ಎಲ್‌ಎಲ್‌ಡಿಪಿ (ನೆರೆಯ ಸಾಧನಕ್ಕೆ ತನ್ನ ಪರಿಚಯ ಹೇಳುವ ಸಂದೇಶ) ಇವುಗಳ ಬಗ್ಗೆ ಚಿಂತೆ ಬೇಡ. ಅವುಗಳ ಕಾಯ್ದಿರಿಸಿದ ವಿಳಾಸಗಳನ್ನು ಸ್ವಿಚ್ ತಾನೇ ತೆಗೆದುಕೊಳ್ಳುತ್ತದೆ, ಫ್ಲಡ್ ಮಾಡುವುದಿಲ್ಲ.

ವಿಡಿಯೊ ಶುರುವಾಗಿ ನಾಲ್ಕು ನಿಮಿಷಕ್ಕೆ ನಿಂತುಹೋಗುತ್ತದೆ.

ಕ್ವೆರಿಯರ್, ಅಂದರೆ ಗುಂಪಿನಲ್ಲಿ ಯಾರಿದ್ದೀರಿ ಎಂದು ಆಗಾಗ ಪ್ರಶ್ನೆ ಕೇಳುವವನು, ಇಲ್ಲ. ಬೇರೆ ಏನನ್ನೂ ನೋಡುವ ಮೊದಲು ಇದನ್ನು ನೋಡಿ. ಸ್ನೂಪಿಂಗ್ ಮಾಡುವ ಸ್ವಿಚ್ ಸದಸ್ಯರ ಪಟ್ಟಿಯನ್ನು ಐಜಿಎಂಪಿ ವರದಿಗಳಿಂದ ಕಟ್ಟುತ್ತದೆ, ವರದಿ ಬರುವುದು ಯಾರಾದರೂ ಪ್ರಶ್ನೆ ಕೇಳಿದರೆ. ಡೀಫಾಲ್ಟ್ ಆಗಿ ಪ್ರಶ್ನೆ 125 ಸೆಕೆಂಡ್‌ಗೊಮ್ಮೆ, ಉತ್ತರಿಸಲು 10 ಸೆಕೆಂಡ್. ಎರಡು ಸುತ್ತು ಉತ್ತರವಿಲ್ಲದಿದ್ದರೆ, ಅಂದರೆ 260 ಸೆಕೆಂಡ್‌ಗೆ, ಸದಸ್ಯ ಪಟ್ಟಿಯಿಂದ ಹೊರಗೆ. ಸೇರಿಕೊಂಡಾಗಿನ ಮೊದಲ ವರದಿಯ ಬಲದಲ್ಲಿ 4 ನಿಮಿಷ 20 ಸೆಕೆಂಡ್ ಓಡಿ ಚಿತ್ರ ನಿಲ್ಲುತ್ತದೆ. ಗೊತ್ತಿಲ್ಲದ ಗುಂಪನ್ನು ಫ್ಲಡ್ ಮಾಡುವ ಸ್ವಿಚ್‌ನಲ್ಲಿ ಈ ದೋಷ ಅಡಗಿಕೊಂಡಿರುತ್ತದೆ. ಅನ್‌ನೋನ್ ಮಲ್ಟಿಕಾಸ್ಟ್ ತಡೆದ ದಿನ ಎದ್ದು ಕಾಣುತ್ತದೆ.

ಪ್ರತಿ ವಿಲ್ಯಾನ್‌ಗೆ ಒಬ್ಬ ಕ್ವೆರಿಯರ್ ಬೇಕು. ಮಲ್ಟಿಕಾಸ್ಟ್ ರೂಟರ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ನಡುವಿನ ಒಂದು ಸ್ವಿಚ್‌ನಲ್ಲಿ "ಐಪಿ ಐಜಿಎಂಪಿ ಸ್ನೂಪಿಂಗ್ ಕ್ವೆರಿಯರ್" ಹಾಕಿ, ಅದಕ್ಕೆ ಐಪಿ ವಿಳಾಸ ಇರಲಿ. ಇಬ್ಬರಿದ್ದರೆ ಕಡಿಮೆ ಐಪಿ ಇರುವವನು ಗೆಲ್ಲುತ್ತಾನೆ.

239.0.0.1 ಗುಂಪನ್ನು ಬಳಸುತ್ತೇವೆ, ಸ್ನೂಪಿಂಗ್ ಇದ್ದರೂ ಎಲ್ಲೆಡೆ ಹೋಗುತ್ತಿದೆ.

ಗುಂಪಿನ ವಿಳಾಸದ ಕೊನೆಯ 23 ಬಿಟ್ ಮಾತ್ರ ಮ್ಯಾಕ್‌ಗೆ ಇಳಿಯುತ್ತವೆ, 5 ಬಿಟ್ ಕಳೆದುಹೋಗುತ್ತವೆ. ಹಾಗಾಗಿ 32 ಗುಂಪುಗಳಿಗೆ ಒಂದೇ ಮ್ಯಾಕ್. 239.0.0.1 ಮತ್ತು 224.0.0.1 ಎರಡಕ್ಕೂ ಒಂದೇ ಮ್ಯಾಕ್ ಬರುತ್ತದೆ, 224.0.0ರಿಂದ ಶುರುವಾಗುವ ವಿಳಾಸಗಳು ಓಎಸ್‌ಪಿಎಫ್, ವಿಆರ್‌ಆರ್‌ಪಿಯಂಥ ರೂಟರ್‌ಗಳ ಪ್ರೋಟೊಕಾಲ್‌ಗಳಿಗೆ ಮೀಸಲಾದ್ದರಿಂದ ಅವನ್ನು ಸ್ವಿಚ್ ಯಾವಾಗಲೂ ಫ್ಲಡ್ ಮಾಡಬೇಕು. ಮ್ಯಾಕ್ ನೋಡಿ ನಿರ್ಧರಿಸುವ ಸ್ವಿಚ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 239.0.0, 239.128.0 ಇವೆರಡನ್ನೂ ಬಿಟ್ಟು, 239.10.20.1 ತರಹದ್ದನ್ನು ಆರಿಸಿ.

ಐಪಿವಿ6 ಇದ್ದರೆ ಮಲ್ಟಿಕಾಸ್ಟ್ ತಡೆಯಬಹುದೇ?

ಎಚ್ಚರ. ಐಪಿವಿ6ರಲ್ಲಿ ಎಆರ್‌ಪಿ ಇಲ್ಲ, ನೆರೆಯವರನ್ನು ಹುಡುಕುವುದು ಮಲ್ಟಿಕಾಸ್ಟ್‌ನಲ್ಲೇ. ರೂಟರ್ ತನ್ನನ್ನು ಪರಿಚಯಿಸಿಕೊಳ್ಳುವುದೂ ಹಾಗೆಯೇ. ಆ ಫ್ರೇಮ್‌ಗಳ ಮ್ಯಾಕ್ 33:33ರಿಂದ ಶುರುವಾಗುತ್ತದೆ. ಕ್ಯಾಟಲಿಸ್ಟ್‌ನ ಬ್ಲಾಕ್ ಇವನ್ನು ಮುಟ್ಟುವುದಿಲ್ಲ ಎಂದೆವಲ್ಲ, ಅಲ್ಲಿ ಬಚಾವು. ಲಿನಕ್ಸ್ ಬ್ರಿಡ್ಜ್‌ನಲ್ಲಿ ಮಲ್ಟಿಕಾಸ್ಟ್ ಫ್ಲಡ್ ಆಫ್ ಮಾಡಿದರೆ ಇವೂ ಬೀಳುತ್ತವೆ: ಐಪಿವಿ4 ಚೆನ್ನಾಗಿರುತ್ತದೆ, ಐಪಿವಿ6 ಮಾತ್ರ ಸ್ವಲ್ಪ ಹೊತ್ತಿಗೆ ಸಾಯುತ್ತದೆ. ಐಪಿವಿ6 ಓಡುವ ಪೋರ್ಟ್‌ನಲ್ಲಿ ಅದನ್ನು ಆನ್ ಇಟ್ಟೇ ಬಿಡಿ.

ಸ್ಟಾರ್ಮ್ ಕಂಟ್ರೋಲ್ ಇದ್ದರೆ ಇದು ಬೇಕೇ?

ಎರಡರ ಕೆಲಸ ಬೇರೆ. ಸ್ಟಾರ್ಮ್ ಕಂಟ್ರೋಲ್ ಒಳಬರುವ ಟ್ರಾಫಿಕ್ ಅಳೆದು ಮಿತಿ ಮೀರಿದ್ದನ್ನು ಬೀಳಿಸುತ್ತದೆ, ಬ್ಲಾಕ್ ಹೊರಹೋಗುವುದನ್ನು ಪೂರ್ತಿ ನಿಲ್ಲಿಸುತ್ತದೆ. ಯುನಿಕಾಸ್ಟ್‌ಗೆ ಸ್ಟಾರ್ಮ್ ಕಂಟ್ರೋಲ್ ಹಾಕುವ ಮುನ್ನ ನಿಮ್ಮ ಮಾದರಿಯ ಕೈಪಿಡಿ ಓದಿ. ಕೆಲವು ಸ್ವಿಚ್‌ಗಳು ಗೊತ್ತಿರುವ ಯುನಿಕಾಸ್ಟ್ ಅನ್ನೂ ಲೆಕ್ಕಕ್ಕೆ ಸೇರಿಸುತ್ತವೆ, ಆಗ ಮಾಮೂಲಿ ಫೈಲ್ ಕಾಪಿಯೇ ಮಿತಿ ಮುಟ್ಟುತ್ತದೆ.

ಮಲಗಿರುವ ಕಂಪ್ಯೂಟರ್ ಅನ್ನು ನೆಟ್‌ವರ್ಕ್‌ನಿಂದ ಎಬ್ಬಿಸುವುದು ನಿಂತುಹೋಯಿತು.

ಮಲಗಿದ ಯಂತ್ರ ಮಾತಾಡುವುದಿಲ್ಲ, 5 ನಿಮಿಷಕ್ಕೆ ಸ್ವಿಚ್ ಅದನ್ನು ಮರೆಯುತ್ತದೆ. ಎಬ್ಬಿಸುವ ಪ್ಯಾಕೆಟ್ ಯುನಿಕಾಸ್ಟ್ ಆಗಿ ಬಂದರೆ ಬ್ಲಾಕ್ ಆಗುತ್ತದೆ. ಅದೇ ವಿಲ್ಯಾನ್‌ನಲ್ಲಿರುವ ಒಂದು ಸರ್ವರ್‌ನಿಂದ ಬ್ರಾಡ್‌ಕಾಸ್ಟ್ ಆಗಿ ಕಳಿಸಿ.

ತೊಂದರೆ ಬ್ಲಾಕ್‌ನಿಂದಲೇ ಎಂದು ಖಚಿತಪಡಿಸಿಕೊಳ್ಳುವುದು, ತೆಗೆಯುವುದು ಹೇಗೆ?

ಬಹಳ ಸ್ವಿಚ್‌ಗಳಲ್ಲಿ ಬ್ಲಾಕ್ ಆದ ಫ್ರೇಮ್‌ಗೆ ಲಾಗ್ ಬರುವುದಿಲ್ಲ, ಪೋರ್ಟ್ ಹಸಿರಾಗಿಯೇ ಇರುತ್ತದೆ. ಆದ್ದರಿಂದ ದೂರು ಬಂದ ಕೂಡಲೇ ಮೊದಲು ಮ್ಯಾಕ್ ಟೇಬಲ್ ನೋಡಿ: ಸಾಧನದ ಸಾಲು ಇಲ್ಲ, ರೂಟರ್‌ನಲ್ಲಿ ಎಆರ್‌ಪಿ ಸಾಲು ಇದೆ ಎಂದಾದರೆ ಕಾರಣ ಸಿಕ್ಕಿತು. ಇಂಟರ್‌ಫೇಸ್‌ನಲ್ಲಿ "ನೋ ಸ್ವಿಚ್‌ಪೋರ್ಟ್ ಬ್ಲಾಕ್ ಯುನಿಕಾಸ್ಟ್" ಕೊಟ್ಟು, ರೂಟರ್‌ನಿಂದ ಪಿಂಗ್ ಮಾಡಿ. ಪೋರ್ಟ್ ಅನ್ನು ಶಟ್ ಮಾಡಿ ಎಬ್ಬಿಸುವ ಅಗತ್ಯವಿಲ್ಲ, ಮಾಡಲೂಬೇಡಿ: ಲಿಂಕ್ ಅಪ್ ಆದಾಗ ಸಾಧನ ತಾನಾಗಿ ಒಂದು ಎಆರ್‌ಪಿ ಕಳಿಸಿಬಿಟ್ಟರೆ ಎಲ್ಲ ಸರಿಹೋದಂತೆ ಕಾಣುತ್ತದೆ, ಮತ್ತೆ 300 ಸೆಕೆಂಡ್ ಮೌನ ಕಳೆದ ಮೇಲೆ ಅದೇ ದೂರು ಬರುತ್ತದೆ.